ಅಂಗೈಯಗಲದ ಗಣಕಯಂತ್ರ



ಡೊಂಬಿವಲಿ, ಕಲ್ಯಾಣಗಳ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವಾಡುವರು. ಬರೆಯೆಂದರೆ ತಲೆ ತಗ್ಗಿಸುವರು. ಇದಕ್ಕೊಂದು ಸಣ್ಣ ಉಪಾಯವನ್ನು ತಮ್ಮಲ್ಲಿ ಅರಿಕೆ ಮಾಡುತ್ತೇನೆ.

2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಬಂದ ರಾಸ್ಪ್‌ಬೆರಿ ಪೈ ಎಂಬುದು ಅಂಗೈಯಗಲದ, ಒಂದೇ ಫಲಕದ ಗಣಕಯಂತ್ರ. ಮನೆಯ ಟಿ.ವಿ.ಯೇ ಅದಕ್ಕೆ ಪರದೆಯಾದೀತು. ಅದನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯು ಡೆಬಿಯನ್ ಎಂಬ ಮುಕ್ತ ವ್ಯವಸ್ಥೆಯಿಂದ ಹುಟ್ಟಿದ್ದು. ಅದಕ್ಕೆ ಬೆಲೆಯಿಲ್ಲ, ಅದರ ಒಳಬರಹದ ಬಹುಭಾಗವನ್ನು ಬಲ್ಲವರು ಓದಬಹುದು, ತಿದ್ದಬಹುದು, ಹಂಚಬಹುದು. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರವಿನ್ಯಾಸಗಳನ್ನೂ ಕಗಪ ಕೀಲಿಮಣೆಯನ್ನೂ ಕಾಸಿಲ್ಲದೆ ಅಳವಡಿಸಿಕೊಳ್ಳಬಹುದು.

ಆದರೆ ಯಂತ್ರವು ಅಕ್ಷರವನ್ನಷ್ಟೇ ಕೊಟ್ಟೀತು. ರಾತ್ರಿ ಲೋಕಲ್ ಇಳಿದು ಬಂದ ಮೇಲೂ ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು, ಊರಿನ ಅಜ್ಜಿಗೆ ಮೊದಲ ಕಾಗದ ಬರೆಯಿಸಬೇಕಾದವರು ನಾವು. ಅಷ್ಟು ಮಾಡೋಣ.