ಮೂಕಾಸುರನಿಗೂ ಒಂದು ಪೀಠ

ಕೊಲ್ಲೂರಿನ ಮೂಕಾಂಬಿಕೆಯ ಕಥೆ ಬೈಂದೂರಿನವರಾದ ನಿಮಗೆ ಹೊಸದಲ್ಲ. ಅಜ್ಜಿಯರ ಬಾಯಲ್ಲಿ ಅದನ್ನು ಕೇಳಿಯೇ ಬೆಳೆದವರು ನೀವು. ಇವತ್ತು ಅದರೊಳಗಿನ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ: ಅಸುರನನ್ನು ಕೊಲ್ಲುವ ಮೊದಲು ಅವನ ಮಾತನ್ನು ಏಕೆ ಕಸಿಯಬೇಕಾಯಿತು?

ಪುರಾಣದ ಅಸುರರಿಗೆ ತೋಳಿಗಿಂತ ದೊಡ್ಡ ಬಲ ಅವರು ಬೇಡಿದ ವರದ ಮಾತು. ಒಳಗೂ ಸಾಯಬಾರದು, ಹೊರಗೂ ಸಾಯಬಾರದು, ಹಗಲೂ ಬೇಡ, ಇರುಳೂ ಬೇಡ ಎಂದು ಹಿರಣ್ಯಕಶಿಪು ಕರಾರುಪತ್ರ ಬರೆಸುವವನ ಎಚ್ಚರದಲ್ಲಿ ಕೇಳಿದ. ರಾವಣ ಮನುಷ್ಯರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಬಿಟ್ಟ ಆ ಸಂದಿಯಲ್ಲೇ ರಾಮ ಬಂದ. ಕುಂಭಕರ್ಣನ ನಾಲಗೆಯ ಮೇಲೆ ಸರಸ್ವತಿ ಕೂತಳು, ಅವನು ನಿದ್ದೆ ಬೇಡಿದ. ಕೊಲ್ಲೂರಿನ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇಲ್ಲಿ ಮಾತು ತಪ್ಪಲಿಲ್ಲ, ಮಾತೇ ಹೋಯಿತು.

ಕೊಡಚಾದ್ರಿಯ ಈ ಸೀಮೆಯಲ್ಲಿ ಇಬ್ಬರು ಶಿವನನ್ನು ಕುರಿತು ತಪಸ್ಸು ಮಾಡಿದರು. ಕೋಲ ಮಹರ್ಷಿಗೆ ಶಿವ ಒಲಿದಾಗ ಅವರು ಬೇಡಿದ್ದು ಸಕಲ ಜೀವಿಗಳ ಒಳಿತನ್ನು. ಇನ್ನೊಬ್ಬ ಕಂಹಾಸುರ, ಕೆಲವರು ಕೌಮಾಸುರ ಎನ್ನುತ್ತಾರೆ. ಅವನು ವರ ಬೇಡಲು ಬಾಯಿ ತೆರೆಯುವಷ್ಟರಲ್ಲಿ, ದೇವತೆಗಳ ಉಪಾಯದಂತೆ, ವಾಗ್ದೇವಿ ಸರಸ್ವತಿ ಅವನ ಮಾತು ಕಟ್ಟಿದಳು. ಅವನು ಮೂಕಾಸುರನಾದ. ದೇವರು ಒಬ್ಬನೇ, ತಪಸ್ಸೂ ಒಂದೇ. ಏನು ಬೇಡುತ್ತೇವೆ ಎಂಬಲ್ಲಿ ಋಷಿ ಬೇರೆ, ಅಸುರ ಬೇರೆ.

ದೇವತೆಗಳು ನಿಟ್ಟುಸಿರು ಬಿಟ್ಟಿರಬೇಕು. ಆದರೆ ಮೂಕನಾದವನು ಶಾಂತನಾಗಲಿಲ್ಲ, ಮೊದಲಿಗಿಂತ ಕ್ರೂರನಾದ. ಈ ಕಥೆಯಲ್ಲಿ ನನ್ನನ್ನು ಬಹುವಾಗಿ ಕಾಡಿದ ಘಟ್ಟ ಇದು. ಬಾಯಿ ಕಟ್ಟಿದ ಮಾತ್ರಕ್ಕೆ ಒಳಗಿನ ಬೆಂಕಿ ಆರುವುದಿಲ್ಲ. ಹೇಳಿಕೊಳ್ಳಲು ದಾರಿಯಿಲ್ಲದ ಸಿಟ್ಟು ಕೈಗಿಳಿಯುತ್ತದೆ. ಮನೆಗಳಲ್ಲಿ, ಊರುಗಳಲ್ಲಿ ಇದನ್ನು ನಾವು ಕಂಡವರೇ. ದೇವತೆಗಳ ಉಪಾಯ ಅರ್ಧದಲ್ಲೇ ಸೋತಿತು ಎಂದೇ ನಾನು ಈ ಕಥೆಯನ್ನು ಓದುತ್ತೇನೆ. ಕೊನೆಗೆ ಕೋಲ ಮಹರ್ಷಿಯ ಮೊರೆಗೆ ದೇವಿಯೇ ಬರಬೇಕಾಯಿತು. ಅಸುರ ಬಿದ್ದ. ಕೊಂದವಳು ಅವನ ಹೆಸರನ್ನು ಅಳಿಸಲಿಲ್ಲ, ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಮೂಕಾಂಬಿಕೆಯಾದಳು. ಮಹಿಷಮರ್ದಿನಿ ಎಂಬಲ್ಲಿ ಗೆಲುವಿನ ಘೋಷವಿದೆ. ಮೂಕಾಂಬಿಕೆ ಎಂಬಲ್ಲಿ ಇರುವುದು ತಾಯ್ತನ.

ಕೊಲ್ಲೂರಿನ ಗರ್ಭಗುಡಿಯ ಜ್ಯೋತಿರ್ಲಿಂಗವೂ ಈ ತಾಯ್ತನವನ್ನೇ ತೋರುತ್ತದೆ. ನಡುವೆ ಸ್ವರ್ಣರೇಖೆ, ಒಂದು ಭಾಗದಲ್ಲಿ ಬ್ರಹ್ಮ, ವಿಷ್ಣು, ಶಿವ, ಇನ್ನೊಂದರಲ್ಲಿ ಸರಸ್ವತಿ, ಲಕ್ಷ್ಮಿ, ಕಾಳಿ ಎಂಬ ನಂಬಿಕೆ. ಮಾತು ಕಟ್ಟಿದ ಸರಸ್ವತಿಯೂ, ಕೊಂದ ಕಾಳಿಯೂ, ಪೊರೆಯುವ ಲಕ್ಷ್ಮಿಯೂ ಒಂದೇ ಕಲ್ಲಿನಲ್ಲಿದ್ದಾರೆ. ಅದರ ಹಿಂದೆ ಶಂಕರಾಚಾರ್ಯರು ಪ್ರತಿಷ್ಠಾಪಿಸಿದರೆನ್ನುವ ಪಂಚಲೋಹದ ಮೂರ್ತಿ ಶಂಖ ಚಕ್ರ ಹಿಡಿದು ಪದ್ಮಾಸನದಲ್ಲಿ ಕೂತಿದೆ. ವಿಜಯದಶಮಿಗೆ ಕೇರಳದಿಂದಲೂ ಮಕ್ಕಳನ್ನು ಕರೆತಂದು ವಿದ್ಯಾರಂಭ ಮಾಡಿಸುತ್ತಾರೆ. ಒಬ್ಬನ ಮಾತು ನಿಂತ ಕಥೆಯ ನೆಲದಲ್ಲೇ ಮಕ್ಕಳ ಅಕ್ಷರ ಶುರುವಾಗುತ್ತದೆ.

ಆದರೆ ಕೊಲ್ಲೂರಿಗೆ ಹೋಗಿ ತಿರುಗಿ ಬಂದವರು ಅರ್ಧ ಕಥೆಯನ್ನಷ್ಟೇ ಕಂಡಂತೆ. ಉಳಿದರ್ಧ ಇರುವುದು ಕುಂದಾಪುರದ ದಾರಿಯಲ್ಲಿ, ಚಿತ್ತೂರಿನ ಬಳಿಯ ಮಾರಣಕಟ್ಟೆಯಲ್ಲಿ. ಮೂಕಾಸುರ ಸತ್ತ ಜಾಗ ಅದು ಎನ್ನುತ್ತದೆ ಸ್ಥಳಪುರಾಣ. ಅಲ್ಲಿ ಅವನಿಗೆ ದೇವಿ ಬ್ರಹ್ಮಲಿಂಗೇಶ್ವರನೆಂಬ ಸ್ಥಾನ ಕೊಟ್ಟಳು, ಪೂಜೆ ಕೊಟ್ಟಳು. ಅಸುರನೊಳಗಿನ ದುಷ್ಟತನವನ್ನು ಕೊಂದು ಅವನನ್ನು ಉಳಿಸಿಕೊಳ್ಳುವ ಈ ಬಗೆ ನಮ್ಮ ನೆಲದ ದೊಡ್ಡ ಗುಣ. ಕೆಡುಕನ್ನು ಊರಾಚೆ ಎಸೆದರೆ ಅದು ಮತ್ತೆ ಬರುತ್ತದೆ. ಊರೊಳಗೆ ಜಾಗ ಕೊಟ್ಟರೆ ಅದೇ ಊರು ಕಾಯುತ್ತದೆ. ಮಕರ ಸಂಕ್ರಾಂತಿಯ ಹಬ್ಬಕ್ಕೆ ಜನ ಸೇವಂತಿಗೆ ಹೊತ್ತು ಹೋಗುವುದು ಹಾಗೆ ಕಾಯುವ ದೇವರ ಬಳಿಗೆ.

ಇನ್ನೊಂದು ಮಾತು. ಮಾರಣಕಟ್ಟೆಯಿಂದ ಯಕ್ಷಗಾನ ಮೇಳಗಳು ಹೊರಡುತ್ತವೆ, ಹರಕೆ ಆಟಕ್ಕೆ ಊರೂರು ತಿರುಗುತ್ತವೆ. ಒಂದು ವರವನ್ನೂ ಕೇಳಲಾಗದೆ ಬಾಯಿ ಕಟ್ಟಿದವನ ಕ್ಷೇತ್ರದ ಹೆಸರಿನಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿಗಳು ಅರ್ಥ ಹೇಳುತ್ತಾರೆ, ಊರು ಕೂತು ಕೇಳುತ್ತದೆ. ಇದನ್ನು ಯಾರಾದರೂ ಯೋಚಿಸಿ ಮಾಡಿದರೋ, ತಾನಾಗಿ ಹೀಗಾಯಿತೋ, ಮೂಕಾಸುರನ ಕಥೆಗೆ ಇಷ್ಟು ಒಪ್ಪುವ ಸೇವೆ ಬೇರೊಂದು ನನಗೆ ಕಾಣುವುದಿಲ್ಲ.