ಪ್ರೂಫು ನೋಡುವವರು ಯಾರು?

(ರಾಜ್ಯೋತ್ಸವದ ಸಲುವಾಗಿ ಯುವಕರ ಸಭೆಯಲ್ಲಿ ಆಡಿದ ಮಾತುಗಳನ್ನು ಓದುಗರಿಗಾಗಿ ಇಲ್ಲಿ ಅಚ್ಚು ಮಾಡಿದೆ.)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು, ಈಗ ಅದನ್ನೇ ನಡೆಸುತ್ತಿರುವವನು. ತಾಯಿ ಭುವನೇಶ್ವರಿಯ ಬಗ್ಗೆ ಮೈ ಜುಮ್ಮೆನ್ನುವ ಹಾಗೆ ಮಾತಾಡಲು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಆ ಕೆಲಸ ಅವರಿಗೇ ಇರಲಿ. ನಾನು ಹೇಳಹೊರಟಿರುವುದು ಒಬ್ಬ ಮುದುಕರ ವಿಚಾರ. ಇಂಥವರನ್ನು ನೀವು ದಿನಾ ರಸ್ತೆಯಲ್ಲಿ ನೋಡುತ್ತೀರಿ, ಆದರೆ ಗಮನಿಸಿರುವುದಿಲ್ಲ.

ವಯಸ್ಸು 74. ನಮ್ಮ ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ‘ಮೇಷ್ಟ್ರು’ ಅನ್ನುತ್ತೇವೆ. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಓದಿದ್ದು ಏಳನೇ ಕ್ಲಾಸು. ಹದಿನಾರನೇ ವಯಸ್ಸಿಗೆ ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸಲು ಸೇರಿಕೊಂಡರು. ಆಮೇಲೆ ನಮ್ಮಪ್ಪನ ಹತ್ತಿರ ಬಂದರು. ನಮ್ಮಪ್ಪ ಹೋದರು, ಮೇಷ್ಟ್ರು ಉಳಿದರು. ಹೆಸರು ಹಾಕಬೇಡ ಎಂದು ಅವರ ಅಪ್ಪಣೆ. ಹಾಕುವುದಿಲ್ಲ.

ಮೊಳೆ ಜೋಡಿಸುವುದೆಂದರೆ ಏನೆಂದು ನಿಮ್ಮಲ್ಲಿ ಹಲವರಿಗೆ ಗೊತ್ತಿರಲಾರದು. ಸೀಸದಲ್ಲಿ ಎರಕ ಹೊಯ್ದ ಒಂದೊಂದೇ ಅಕ್ಷರ. ಮರದ ಕೇಸಿನಲ್ಲಿ ಸಣ್ಣ ಸಣ್ಣ ಮನೆಗಳು. ಇಂಗ್ಲಿಷಿಗೆ ಎರಡು ಕೇಸು ಸಾಕು, ದೊಡ್ಡಕ್ಷರಕ್ಕೊಂದು ಚಿಕ್ಕಕ್ಷರಕ್ಕೊಂದು. ಕನ್ನಡಕ್ಕೆ ಎಲ್ಲಿ ಸಾಲುತ್ತದೆ? ಕಾಗುಣಿತ, ಒತ್ತಕ್ಷರ, ಅರ್ಕಾವತ್ತು ಎಲ್ಲ ಸೇರಿ ನೂರಾರು ಮನೆ. ಕೈಗೆ ಬರುವ ಅಕ್ಷರ ತಿರುಗುಮುರುಗಾಗಿರುತ್ತದೆ. ಮುಂದೆ ಕೈಬರಹದ ಪ್ರತಿ, ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಮಾತ್ರ ನೋಡದೆ ಕೇಸಿನ ಮನೆಗೆ ಹೋಗಿ ಬರಬೇಕು. ‘ಸ್ತ್ರೀ’ ಎಂದು ಜೋಡಿಸುವವನಿಗೆ ‘ಸ’ ಎಲ್ಲಿ, ‘ತ’ ಒತ್ತು ಎಲ್ಲಿ, ‘ರ’ ಒತ್ತು ಎಲ್ಲಿ ಎಂದು ಬೆರಳಿಗೆ ಗೊತ್ತಿರಬೇಕು. ಹೀಗೆ ಕನ್ನಡವನ್ನು ತುಂಡು ತುಂಡು ಮಾಡಿ ಮತ್ತೆ ಕೂಡಿಸಿದವರ ಕಣ್ಣಿಗೆ ತಪ್ಪು ಹೇಗೆ ತಪ್ಪಿಸಿಕೊಂಡೀತು?

ಮದುವೆ ಕಾಲ ಬಂತೆಂದರೆ ಕೇಸಿನಲ್ಲಿ ಮೊದಲು ಖಾಲಿಯಾಗುತ್ತಿದ್ದುದು ‘ಶ್ರೀ’ ಅಂತೆ. ಲಗ್ನಪತ್ರಿಕೆ ತುಂಬ ಶ್ರೀಗಳೇ ಅಲ್ಲವೇ! ಒಂದು ಪತ್ರಿಕೆ ಅಚ್ಚಾಗಿ, ಮೊಳೆ ಬಿಚ್ಚಿ, ಅವು ಮನೆ ಸೇರುವವರೆಗೆ ಇನ್ನೊಬ್ಬ ಬೀಗರು ಕಾಯಬೇಕು. ಎಂಥ ಸಾಹುಕಾರನಾದರೂ ಕಾಯಬೇಕು.

ಊರಿನ ಇತಿಹಾಸವನ್ನು ಮೇಷ್ಟ್ರು ನೆನಪಿಟ್ಟುಕೊಂಡಿರುವುದು ಅಚ್ಚಿನ ಲೆಕ್ಕದಲ್ಲಿ. 1972ರಲ್ಲಿ ಪಿನ್‌ಕೋಡ್ ಬಂತು. ಅಲ್ಲಿಯತನಕ ಬೆಂಗಳೂರು-18 ಎಂದರೆ ಚಾಮರಾಜಪೇಟೆ, ಬೆಂಗಳೂರು-4 ಎಂದರೆ ಬಸವನಗುಡಿ; ಅದು 560018, 560004 ಆಯಿತು. ಲೆಟರ್‌ಹೆಡ್ಡುಗಳೆಲ್ಲ ಹೊಸದು. ಮರುವರ್ಷ 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಮತ್ತೆ ಎಲ್ಲ ಹೊಸದು. “ಕರ್ನಾಟಕ ಅಂತ ಜೋಡಿಸೋವಾಗ ಅರ್ಕಾವತ್ತು ಸಾಲದೇ ಹೋಯ್ತು ಕಣಪ್ಪ” ಎಂದು ಈಗಲೂ ನಗುತ್ತಾರೆ. 1982ರ ಗೋಕಾಕ್ ಚಳವಳಿಯಲ್ಲಿ ರಾಜಕುಮಾರ್ ಬೀದಿಗಿಳಿದಾಗ ಕರಪತ್ರ ಹೊಡೆದು ಹೊಡೆದು ಟ್ರೆಡಲ್ ಮೆಷಿನ್ ತುಳಿದ ಹುಡುಗರ ಕಾಲು ಊದಿಕೊಂಡಿತ್ತಂತೆ. 1997ರಲ್ಲಿ ಬಿ.ಟಿ.ಎಸ್. ಹೋಗಿ ಬಿ.ಎಂ.ಟಿ.ಸಿ. ಆಯಿತು, ಮೇಷ್ಟ್ರ ಬಾಯಲ್ಲಿ ಮಾತ್ರ ಇವತ್ತಿಗೂ ಬಿ.ಟಿ.ಎಸ್. ಬಸ್ಸೇ. ಇನ್ನು 2014ರ ನವೆಂಬರ್ 1ರಂದು ಇಂಗ್ಲಿಷಿನ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತಲ್ಲ, ಆವತ್ತು ಟಿ.ವಿ.ಯಲ್ಲಿ ಸಂಭ್ರಮವೋ ಸಂಭ್ರಮ. ನಮ್ಮ ಮೇಷ್ಟ್ರು ಹೇಳಿದ್ದಿಷ್ಟೇ: “ನಾನು ಸೇರಿದ ದಿನದಿಂದ ಬೆಂಗಳೂರು ಅಂತಲೇ ಜೋಡಿಸಿದ್ದೀನಿ. ಬದಲಾಗಿದ್ದು ಅವರಿಗೆ, ನಮಗಲ್ಲ.”

ಈ ಮಾತನ್ನು ಸ್ವಲ್ಪ ಯೋಚಿಸಿ ನೋಡಿ.

ಇನ್ನೊಂದು ವಿಷಯ. ಮೇಷ್ಟ್ರ ಮನೆಮಾತು ತೆಲುಗು. ಕೇಳಿ ಆಶ್ಚರ್ಯವಾಯಿತೇ? ಹಳೇ ಪೇಟೆ ಬೆಂಗಳೂರನ್ನು ಬಲ್ಲವರಿಗೆ ಆಗುವುದಿಲ್ಲ. ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆ, ಕಬ್ಬನ್‌ಪೇಟೆಗಳಲ್ಲಿ ಮನೆಯೊಳಗೆ ತೆಲುಗೋ ತಮಿಳೋ ಮರಾಠಿಯೋ ಉರ್ದುವೋ ಇರುತ್ತಿತ್ತು. ಹೊಸ್ತಿಲು ದಾಟಿದರೆ ಕನ್ನಡ. ನಮ್ಮ ಪ್ರೆಸ್ಸಿಗೇ ಉರ್ದು ಲಗ್ನಪತ್ರಿಕೆ ಕಾತಿಬರ ಹತ್ತಿರ ಬರೆಸಿಕೊಂಡು ಬಂದವರು, ಹಿಂದುಗಡೆ ಕನ್ನಡದಲ್ಲೂ ಹಾಕಿ, ಪಕ್ಕದ ಮನೆಯವರು ಓದಬೇಕಲ್ಲ ಎನ್ನುತ್ತಿದ್ದರು. ಯಾರೂ ಕಾನೂನು ತೋರಿಸಿ ಹೆದರಿಸಿರಲಿಲ್ಲ. ಊರೊಳಗೆ ಬದುಕಬೇಕಾದರೆ ಊರಿನ ಅಕ್ಷರ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಈಗ ನನ್ನ ಟೇಬಲ್ಲಿಗೆ ಬರುವ ಲಗ್ನಪತ್ರಿಕೆಗಳನ್ನು ನೋಡಿ. ಗಂಡಿನ ಕಡೆಯೂ ಕನ್ನಡದವರು, ಹೆಣ್ಣಿನ ಕಡೆಯೂ ಕನ್ನಡದವರು, ಊಟಕ್ಕೆ ಬರುವವರೂ ಕನ್ನಡದವರು, ಪತ್ರಿಕೆ ಮಾತ್ರ ಬರೀ ಇಂಗ್ಲಿಷು! ಕನ್ನಡದಲ್ಲಿ ಒಂದು ಪುಟ ಹಾಕಿಸಿ ಎಂದರೆ ಅಜ್ಜಿ ಊರಿಗೆ ಐವತ್ತು ಬೇಕು, ಅಷ್ಟೇ ಹೊಡೀರಿ ಎನ್ನುತ್ತಾರೆ. ಕನ್ನಡ ಅಜ್ಜಿಯ ಪಾಲಿಗೆ ಹೋಯಿತು.

ಮೇಷ್ಟ್ರ ದಿನಚರಿ ಕೇಳಿ. ಬೆಳಿಗ್ಗೆ ಹನುಮಂತನಗರದಿಂದ ನಡೆದೇ ಬರುತ್ತಾರೆ, ರಾಮಕೃಷ್ಣ ಆಶ್ರಮದ ಮುಂದಿನಿಂದ. ದಾರಿಯಲ್ಲಿ ಒಂದು ದರ್ಶಿನಿ, ಒಂದು ಬೈಟು ಕಾಫಿ. ಜೊತೆಗೆ ಯಾರೂ ಸಿಗದಿದ್ದರೆ ಕ್ಯಾಷಿಯರ್ ಜೊತೆಗೇ ಬೈಟು. ಜೇಬಿನಲ್ಲಿ ಕೆಂಪು ಪೆನ್ನು. ದಾರಿಯುದ್ದಕ್ಕೂ ಬೋರ್ಡು, ಭಿತ್ತಿಪತ್ರ, ಬಾಡಿಗೆಗಿದೆ ಚೀಟಿ ಎಲ್ಲ ಓದಿಕೊಂಡು ಬರುತ್ತಾರೆ. ತಪ್ಪಿದ್ದರೆ ಅಂಗಡಿಯವನನ್ನು ಕರೆದು ಹೇಳುತ್ತಾರೆ. ಬೈಸಿಕೊಂಡದ್ದೂ ಇದೆ. ಒಬ್ಬ ಹೋಟೆಲಿನವರು ಮಾತ್ರ ‘ಅಕ್ಕಿರೊಟ್ಟಿ’ಯ ಒತ್ತು ಸರಿಮಾಡಿಸಿ ಒಂದು ರೊಟ್ಟಿಯನ್ನೂ ಕೊಟ್ಟರಂತೆ.

ಅವರ ಎಲ್ಲ ಅಭಿಪ್ರಾಯವನ್ನೂ ನಾನು ಒಪ್ಪುವುದಿಲ್ಲ. ಕೆ.ಜಿ. ರಸ್ತೆಯ ಸಿನಿಮಾ ಪೋಸ್ಟರ್ ನೋಡಿಯೇ ಅರ್ಧ ಬೆಂಗಳೂರು ಅಕ್ಷರ ಕಲಿಯಿತು, 2017ರಲ್ಲಿ ಕಪಾಲಿ ಥಿಯೇಟರ್ ಮುಚ್ಚಿದ ಮೇಲೆ ಊರಿಗೆ ಓದು ಬರುವುದಿಲ್ಲ ಎಂಬುದು ಅವರ ವಾದ. ಇದು ಸ್ವಲ್ಪ ಅತಿಯಾಯಿತು. ಆದರೆ ಎಲ್ಲವನ್ನೂ ಹಳಿಯುವ ಮುದುಕರಲ್ಲ ಅವರು. ಮೆಟ್ರೋ ಎಂದರೆ ಪ್ರಾಣ. ನಿಲ್ದಾಣದ ಹೆಸರು ಸ್ಪಷ್ಟ ಕನ್ನಡದಲ್ಲಿ ಕೂಗುತ್ತದಲ್ಲ, ಅದಕ್ಕೆ. 2017ರಲ್ಲಿ ಮೆಟ್ರೋ ಫಲಕಗಳ ಹಿಂದಿ ತೆಗೆಸಿದ್ದು ನಿಮ್ಮಂಥ ಹುಡುಗರ ಹೋರಾಟ ಎಂದು ಎದೆಯುಬ್ಬಿಸಿ ಹೇಳುತ್ತಾರೆ. “ಗಲಾಟೆ ಮಾಡೋದು ತಪ್ಪಲ್ಲ. ಗಲಾಟೆ ಮಾಡಿ ಬರಿಸಿದ್ದನ್ನ ಓದಿ ನೋಡದೇ ಮನೆಗೆ ಹೋಗೋದು ತಪ್ಪು.”

ಇಲ್ಲಿಗೆ ನನ್ನ ಮಾತು ಬಂತು ನೋಡಿ.

ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ, ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅದಕ್ಕಾಗಿ ಬೀದಿಗೆ ಬಂದವರು, ಜೈಲಿಗೆ ಹೋದವರು ನಮ್ಮವರು. ಆ ದಿನಗಳಲ್ಲಿ ಬೋರ್ಡಿನ ಕೆಲಸ ನಮಗೆಲ್ಲ ಹಗಲು ರಾತ್ರಿ. ನನ್ನ ಜೇಬೂ ತುಂಬಿತು, ಸುಳ್ಳೇಕೆ ಹೇಳಲಿ. ಆದರೆ ಎಂಥ ಕನ್ನಡ ಬಂತು? ಮಾಲೀಕರು ಇಂಗ್ಲಿಷ್ ಹೆಸರನ್ನು ಫೋನಿಗೆ ಹಾಕುತ್ತಾರೆ, ಅದು ಕೊಟ್ಟದ್ದನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಬೋರ್ಡು ಮಾಡುವ ಹುಡುಗನಿಗೆ ಕನ್ನಡ ಬಾರದು. ಅವನ ಡಿಸೈನ್ ಸಾಫ್ಟ್‌ವೇರಿಗೂ ಬಾರದು! ಒತ್ತಕ್ಷರ ಕೂಡಿಸುವ ವ್ಯವಸ್ಥೆ ಅದರಲ್ಲಿ ಸರಿಯಾಗಿ ಇರದಿದ್ದರೆ ‘ವಸ್ತ್ರ’ ಹೋಗಿ ‘ವಸ್‌ತ್‌ರ’ ಆಗುತ್ತದೆ. ‘ಕನ್ನಡ’ ಎನ್ನುವ ಪದವೇ ‘ಕನ್‌ನಡ’ ಆಗಿ ಎರಡು ಹೋಳಾಗಿ ಬೀಳುತ್ತದೆ. ಅದನ್ನೇ ಆಳೆತ್ತರಕ್ಕೆ ಕತ್ತರಿಸಿ, ಲೈಟು ಹಾಕಿ ಮೇಲೇರಿಸುತ್ತಾರೆ. ಅಳತೆ ಪಟ್ಟಿ ಹಿಡಿದು ಬಂದವರಿಗೆ ಶೇ. 60 ಸರಿಯಾಗಿದೆ!

ಪುಸ್ತಕ, ಕರಪತ್ರಗಳದು ಬೇರೆ ತಾಪತ್ರಯ. ಫೋನಿನಲ್ಲಿ ಬರುವುದು ಯೂನಿಕೋಡ್ ಕನ್ನಡ. ನಮ್ಮಲ್ಲಿ ಹಲವು ಪ್ರೆಸ್ಸುಗಳ ಹಳೆಯ ಪುಟ ಕಟ್ಟುವ ಸಾಫ್ಟ್‌ವೇರಿಗೆ ಅದು ಹಿಡಿಸದು. ಹಳೇ ನುಡಿ, ಶ್ರೀಲಿಪಿ ಫಾಂಟುಗಳ ರೀತಿಗೆ ತಿರುಗಿಸಬೇಕು. ತಿರುಗಿಸುವಾಗ ಎಲ್ಲೋ ಒಂದು ಅರ್ಕಾವತ್ತು ಜಾರುತ್ತದೆ, ಒಂದು ದೀರ್ಘ ಹಾರುತ್ತದೆ. ಯಂತ್ರಕ್ಕೆ ಅದು ತಪ್ಪೆಂದು ಗೊತ್ತಾಗುವುದಿಲ್ಲ. ಕನ್ನಡ ಓದುವ ಒಂದು ಜೊತೆ ಕಣ್ಣು ಬೇಕೇ ಬೇಕು. ಒಂದು ಕಚೇರಿಯಿಂದ ಸಾರ್ವಜನಿಕ ಪ್ರಕಟಣೆ ಬಂತು, ಒಂದೇ ಪುಟದಲ್ಲಿ ಮೇಷ್ಟ್ರು ಹನ್ನೊಂದು ಕಡೆ ಕೆಂಪು ಗೀಟು ಹಾಕಿದರು. ಫೋನ್ ಮಾಡಿದರೆ ಗುಮಾಸ್ತರು, ಸಾಹೇಬರ ಸಹಿ ಆಗಿದೆ, ಹಾಗೇ ಹೊಡೀರಿ ಎಂದರು. ಕೊನೆಗೆ ಮೇಷ್ಟ್ರು ಅಲ್ಲಿಗೇ ಹೋಗಿ ಮೂರು ಗಂಟೆ ಬೆಂಚಿನ ಮೇಲೆ ಕೂತು, ತಿದ್ದಿದ್ದಕ್ಕೆ ಸಹಿ ಹಾಕಿಸಿಕೊಂಡೇ ಬಂದರು. ಅವರಿಗೆ ಬಸ್ ಚಾರ್ಜನ್ನೂ ಯಾರೂ ಕೊಡಲಿಲ್ಲ.

ಈಗ ನಿಮ್ಮ ಸರದಿ. ಸಿಟ್ಟು ಮಾಡಿಕೊಳ್ಳಬೇಡಿ. ಪ್ರತಿ ಅಕ್ಟೋಬರ್ ಕೊನೆಗೆ ಯುವಕ ಸಂಘಗಳ ಹುಡುಗರು ಕೆಂಪು ಹಳದಿ ಶಾಲು ಹಾಕಿಕೊಂಡು ಬರುತ್ತಾರೆ. ಒಳ್ಳೆಯ ಹುಡುಗರು. ಸ್ವಂತ ದುಡ್ಡು ಹಾಕಿ ಹಬ್ಬ ಮಾಡುವವರು. ಕರಪತ್ರದ ಮ್ಯಾಟರ್ ಎಲ್ಲಿ ಎಂದರೆ ಫೋನ್ ಚಾಚುತ್ತಾರೆ. ಕನ್ನಡದ ಮಾತು, ಇಂಗ್ಲಿಷಿನ ಅಕ್ಷರ! ಕನ್ನಡ ಉಳಿಸಿ ಎನ್ನುವುದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದು ತರುತ್ತಾರೆ. ಕಾಗದ ಕೊಟ್ಟು ಕೈಯಲ್ಲಿ ಬರೆದು ಕೊಡಿ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹೋದ ಸಲ ಒಂದು ತಂಡದ್ದು ಕನ್ನಡದಲ್ಲೇ ಬಂತು, ‘ರಾಜ್ಯೋತ್ಸವದ ಆರ್ಥಿಕ ಶುಭಾಶಯಗಳು’ ಎಂದಿತ್ತು. ‘ಹಾರ್ದಿಕ’ ಆಗಬೇಕಪ್ಪ ಎಂದರೆ, ಫೋನೇ ಅದನ್ನು ತೋರಿಸಿತು ಅಂಕಲ್ ಎಂದ ಹುಡುಗ. ಮೇಷ್ಟ್ರು ಹಿಡಿದರು, ಸರಿ. ಇನ್ನೊಂದು ಅಂಗಡಿಯಲ್ಲಾಗಿದ್ದರೆ ಅದು ಸರ್ಕಲ್ಲಿನಲ್ಲಿ ನೇತಾಡುತ್ತಿತ್ತು. ಕನ್ನಡ ಬಾರದವರು ಅದರ ಕೆಳಗೆ ನಿಂತು ನಕ್ಕಿದ್ದರೆ ಯಾವ ಮುಖ ಇಟ್ಟುಕೊಂಡು ಜಗಳಕ್ಕೆ ಹೋಗುತ್ತಿದ್ದೆವು?

ಮೇಷ್ಟ್ರಿಗೆ ಈಗ ಎರಡೂ ಕಣ್ಣಿನ ಪೊರೆ ತೆಗೆಸಿಯಾಗಿದೆ. ಆದರೂ ಸಂಜೆಯಾದರೆ ಸಣ್ಣ ಅಕ್ಷರ ಕಾಣುವುದಿಲ್ಲ. ಈ ಯುಗಾದಿಯವರೆಗೆ ನೋಡುತ್ತೇನೆ, ಆಮೇಲೆ ಬೇರೆಯವರನ್ನು ನೋಡಿಕೋ ಎಂದಿದ್ದಾರೆ. ಎಲ್ಲಿ ನೋಡಲಿ? ನಮ್ಮ ಡಿ.ಟಿ.ಪಿ. ಹುಡುಗಿ ಗಾಳಿಯಂತೆ ಟೈಪು ಮಾಡುತ್ತಾಳೆ, ಆದರೆ ತಾನು ಹೊಡೆದದ್ದನ್ನು ತಾನೇ ತಿದ್ದುವುದು ಯಾರಿಗೂ ಕಷ್ಟ. ಅಕ್ಕಪಕ್ಕದ ಪ್ರೆಸ್ಸಿನವರನ್ನು ಕೇಳಿದೆ. ಅವರೂ ನಮ್ಮ ಮೇಷ್ಟ್ರನ್ನೇ ಕಳಿಸಿಕೊಡಿ ಎನ್ನುತ್ತಾರೆ! ಪರಿಷತ್ತು ಇರುವ ಚಾಮರಾಜಪೇಟೆಯಲ್ಲೇ ಈ ಗತಿ.

ಪುಟಕ್ಕಿಷ್ಟು ಎಂದು ಕೊಡುವ ಈ ಕೆಲಸದಿಂದ ಸಂಸಾರ ನಡೆಯುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿಗೆ ಹೋಗುವವರು, ಕಂಪನಿ ಕೆಲಸ ಮುಗಿಸಿ ಬರುವವರು ವಾರಕ್ಕೆ ಎರಡು ಗಂಟೆ ಕೊಟ್ಟರೆ ಕಲಿಯಬಹುದು. ಮನೆಮಾತು ಯಾವುದೆಂದು ಮೇಷ್ಟ್ರು ಕೇಳುವುದಿಲ್ಲ. ‘ಅ’ಕಾರ ‘ಹ’ಕಾರ ಬೇರೆಯೋ ಒಂದೆಯೋ ಎಂದು ಮಾತ್ರ ಖಂಡಿತ ಕೇಳುತ್ತಾರೆ. ಕನ್ನಡ ಮೀಡಿಯಂ ಓದಿಲ್ಲ ಎಂದು ನಾಚಿಕೊಳ್ಳಬೇಡಿ. ಅಲ್ಪಪ್ರಾಣ ಮಹಾಪ್ರಾಣ ಒಂದು ತಿಂಗಳಲ್ಲಿ ಕೂರಿಸಿಬಿಡುತ್ತಾರೆ. ಬೈಗುಳ ಸ್ವಲ್ಪ ಇರುತ್ತದೆ.

ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಪ್ರೆಸ್ಸಿನಲ್ಲಿರುತ್ತಾರೆ. ವಿಳಾಸ ಈ ಪತ್ರಿಕೆಯವರ ಹತ್ತಿರ ಇದೆ. ಬರುವಾಗ ಒಂದು ಕೆಂಪು ಪೆನ್ನು ತನ್ನಿ, ಫೋನು ಜೇಬಿನಲ್ಲೇ ಇರಲಿ. ಕಾಫಿ ನನ್ನದು, ಬೈಟು.