ಕಡಿತದ ಭಯವೂ ಕೆಲಸದ ಹುರುಪೂ

(ಇಳಕಲ್ಲಿನಲ್ಲಿ ನೇಕಾರರು, ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳು ಸೇರಿದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಈ ನಾಲ್ಕೂ ಕಡೆ ತಿರುಗಾಡುವಾಗ ಈಚೆಗೆ ನಮ್ಮ ಕಿವಿಗೆ ಬೀಳುವ ಮಾತು ಒಂದೇ. ಮೊನ್ನೆ ಈ ಊರಿನ ಹಿರಿಯ ನೇಕಾರರೊಬ್ಬರು ಅಂದರು: "ಮಾಸ್ತರ, ಬರೂ ತಿಂಗಳ ಸಾವಕಾರ ಹಾಸು ಕೊಡೂದಿಲ್ಲಂತ ಗೊತ್ತಾಗೇದ. ಇವತ್ತ ಲಾಳಿ ಒಗೀಲಿಕ್ಕೆ ಕೈನ ಏಳವಲ್ದು." ಗಿರಣಿಯವರು ಕೇಳುವುದೂ ಇದನ್ನೇ: ತೆಗೆಯುವವರ ಪಟ್ಟಿಯಲ್ಲಿ ನಮ್ಮ ಹೆಸರು ಇದೆಯೋ ಇಲ್ಲವೋ ತಿಳಿಯದಿರುವಾಗ ಪಾಳಿಗೆ ಯಾವ ಮನಸ್ಸಿನಿಂದ ಹೋಗಬೇಕು? ಈ ಪ್ರಶ್ನೆಯನ್ನು ಸೋಮಾರಿತನವೆಂದು ಬೈದು ಕಳಿಸುವವರು ಬಹಳ ಜನ. ನಾವು ಹಾಗೆ ಮಾಡಲಾರೆವು.

ಇಂಥ ಹೊತ್ತಿನಲ್ಲಿ ಇಬ್ಬರು ಉಪದೇಶಕರು ಬರುತ್ತಾರೆ. ಒಬ್ಬನು ಮಾಲಕರ ಪಕ್ಷದವನು. ಇನ್ನಷ್ಟು ದುಡಿಯಿರಿ, ದುಡಿಯುವವನನ್ನು ಯಾರೂ ತೆಗೆಯುವುದಿಲ್ಲ ಎನ್ನುತ್ತಾನೆ. ಐದು ಜನ ಮಾಡುವ ಕೆಲಸವನ್ನು ಅಂಜಿಕೆಯಿಂದ ನಾಲ್ವರೇ ಮಾಡಿ ತೋರಿಸಿದರೆ, ಐದನೆಯವನು ಹೆಚ್ಚಾಗಿದ್ದಾನೆಂದು ಮಾಲಕನಿಗೆ ನಾವೇ ಲೆಕ್ಕ ಬರೆದುಕೊಟ್ಟಂತಾಯಿತು. ಆ ಐದನೆಯವನು ನಮ್ಮ ಪಕ್ಕದ ಮನೆಯವನೇ. ಇನ್ನೊಬ್ಬ ಉಪದೇಶಕನು ನಮ್ಮವನೇ, ನೊಂದವನು. ಹೇಗೂ ಹೋಗುವ ಕೆಲಸ, ಕೈ ಬಿಟ್ಟು ಕೂತುಬಿಡೋಣ ಎಂದು ಅವನ ಮಾತು. ಇವನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಇವನ ದಾರಿಯೂ ಹಳ್ಳಕ್ಕೇ ಹೋಗುತ್ತದೆ.

ಕೂಡಲಸಂಗಮದ ನೆರಳಿನಲ್ಲಿರುವ ನಾಡು ನಮ್ಮದು. ಕಾಯಕವೆಂಬ ಶಬ್ದವನ್ನು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಉತ್ಪಾದನೆ ಹೆಚ್ಚಿಸಬೇಕೆಂದಾಗಲೆಲ್ಲ ದೊಡ್ಡವರಿಗೆ ಶರಣರ ನೆನಪು ಬರುತ್ತದೆ. ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಹೇಳಿದರು. ದುಡಿದು ಬಂದುದನ್ನು ಹಂಚಿಕೊಳ್ಳುವ ಆ ಅರ್ಧವನ್ನು ನುಂಗಿ, ದುಡಿಯುವ ಅರ್ಧವನ್ನಷ್ಟೇ ನಮ್ಮ ಮುಂದಿಡುವುದು ಯಾವ ನ್ಯಾಯ? ಆಯ್ದಕ್ಕಿ ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅವನನ್ನು ತಡೆದು ಕೇಳಿದಳೆಂಬುದು ನಿಮಗೆ ಗೊತ್ತು. ಆ ತಾಯಿ ಇಂದಿನ ಗಿರಣಿಗಳ ಲಾಭದ ತಖ್ತೆ ನೋಡಿದ್ದರೆ ಏನೆನ್ನುತ್ತಿದ್ದಳೋ!

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕೆಲಸ ಹೋಗುತ್ತಿರುವುದು ನಿಮ್ಮ ಕೈ ಕೆಟ್ಟದ್ದರಿಂದಲ್ಲ. ಇಳಕಲ್ಲಿನ ಸೀರೆಯನ್ನೇ ನೋಡಿರಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆದುದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧ ಮಾಡಬೇಕಾಗುತ್ತದೆ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವನು ಒಬ್ಬ. ಕಂಡಿಕೆ ಸುತ್ತಿ, ಹಾಸು ಸಾವರಿಸಿ ಕೊಡುವವರು ಮನೆಮಂದಿಯೆಲ್ಲ. ಪವರ್‌ಲೂಮಿನ ಮೇಲೆ ತೋಪು ತೆನೆಯ ಸೆರಗಿನ ನಕಲು ಮಾಡಿ ಅರ್ಧ ಬೆಲೆಗೆ ಮಾರುವವನ ಎದುರು ಈ ಕೈ ಸೋತರೆ ಅದು ಕೈಯ ಸೋಲೇ?

ಸರಕಾರಕ್ಕೆ ಇದು ತಿಳಿಯದ ಸಂಗತಿಯಲ್ಲ. 1985ರಲ್ಲಿಯೇ ಪಾರ್ಲಿಮೆಂಟು ಕೈಮಗ್ಗಕ್ಕೆಂದು ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆ ಮಾಡಿತು. ಮೊದಲು 22 ಬಗೆಗಳಿದ್ದವು. ಯಂತ್ರದ ಮಗ್ಗದವರು ಕೋರ್ಟಿಗೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಗೆದ್ದ ಮೇಲೆ ಆದದ್ದೇನು? 22 ಇದ್ದದ್ದು 11ಕ್ಕೆ ಇಳಿಯಿತು! ಉಳಿದ ಹನ್ನೊಂದರಲ್ಲಿ ಸೀರೆಯೂ ಇತ್ತು. ಆದರೆ ಕಾಯಿದೆ ಕಾಗದದಲ್ಲಿ, ನಕಲು ಸೀರೆ ಪೇಟೆಯಲ್ಲಿ. ದೇಶದ ಕೈಮಗ್ಗ ಗಣತಿಯಲ್ಲಿ 2009-10ರಲ್ಲಿ 43.31 ಲಕ್ಷ ಜನ ನೇಕಾರರು ಮತ್ತು ಮಗ್ಗದ ಪೂರಕ ಕೆಲಸದವರಿದ್ದರು, 2019-20ರಲ್ಲಿ 35.22 ಲಕ್ಷ. ಹತ್ತು ವರ್ಷಗಳಲ್ಲಿ ಎಂಟು ಲಕ್ಷ ಜನರ ಕೈ ಒಮ್ಮೆಲೇ ಸೋಮಾರಿಯಾಯಿತೆಂದು ಯಾರಾದರೂ ಹೇಳಬಲ್ಲರೇ?

ಯಂತ್ರದ ಮೇಲೆ ನಮಗೆ ಹಗೆಯಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಪವರ್‌ಲೂಮಿನ ಮುಂದೆ ನಿದ್ದೆಗೆಟ್ಟು ನಿಲ್ಲುವವನೂ ನಮ್ಮ ಸಂಗಾತಿಯೇ. ಲೋಹಿಯಾ ಅವರು ಸಣ್ಣ ಯಂತ್ರದ ಮಾತನ್ನು ಆಡಿದ್ದು ಏತಕ್ಕೆ? ಯಂತ್ರವು ದುಡಿಯುವವನ ಅಂಕೆಯಲ್ಲಿ ಇರಲೆಂದು.

ಈಗ ಮನಸ್ಸಿನ ವಿಚಾರಕ್ಕೆ ಬರೋಣ. ಆಸ್ಟ್ರಿಯಾ ದೇಶದಲ್ಲಿ ವಿಯೆನ್ನಾದ ಹತ್ತಿರ ಮರಿಯೆಂತಾಲ್ ಎಂಬ ಸಣ್ಣ ಊರು. ಸುಮಾರು 1,500 ಜನ. ಇಡೀ ಊರಿಗೆ ಒಂದೇ ಆಧಾರ, ಬಟ್ಟೆ ಗಿರಣಿ. 1929-30ರಲ್ಲಿ ಅದು ಮುಚ್ಚಿತು. ಮಾರಿ ಯಹೋದಾ ಎಂಬ ಯುವತಿ ಮತ್ತು ಅವಳ ಜೊತೆಗಾರರು, ಸಮಾಜವಾದಿಗಳೇ, ಆ ಊರಿಗೆ ಹೋಗಿ ಜನರ ಬಾಳನ್ನು ಅಭ್ಯಾಸ ಮಾಡಿ 1933ರಲ್ಲಿ ಪುಸ್ತಕ ಪ್ರಕಟಿಸಿದರು. ಕೆಲಸವಿಲ್ಲದ ಜನ ಸಿಟ್ಟಿಗೆದ್ದು ದಂಗೆಯೇಳುತ್ತಾರೆಂದು ನಮ್ಮಂಥವರು ಎಣಿಸುತ್ತೇವೆ. ಅವರು ಕಂಡದ್ದು ಬೇರೆ. ಊರಿನ ವಾಚನಾಲಯದಲ್ಲಿ ಶುಲ್ಕ ತೆಗೆದುಹಾಕಿದ್ದರೂ, ದಿನವೆಲ್ಲ ಬಿಡುವಿದ್ದರೂ, ಪುಸ್ತಕ ಒಯ್ಯುವುದು ಎರಡು ವರ್ಷಗಳಲ್ಲಿ ಅರ್ಧಕ್ಕೆ ಇಳಿದಿತ್ತು. ಪಕ್ಷದ ಪತ್ರಿಕೆಗೆ ನಿರುದ್ಯೋಗಿಗಳಿಗಾಗಿ ಚಂದಾ ಇಳಿಸಿದ್ದರೂ ಓದುವವರು ಕಡಿಮೆಯಾದರು. (ಪತ್ರಿಕೆಯ ಚಂದಾ ಕೂಡಿಸುತ್ತ ತಿರುಗುವ ನಮಗೆ ಈ ಮಾತು ಸ್ವಲ್ಪ ಚುಚ್ಚುತ್ತದೆ.) ಅಭ್ಯಾಸಿಗಳು ಕಿಟಕಿಯ ಹಿಂದೆ ಗಡಿಯಾರ ಹಿಡಿದು ನಿಂತು, ಬೀದಿಯಲ್ಲಿ ಹೋಗುವವರ ನಡಿಗೆಯನ್ನೂ ಅಳೆದರು. ಗಂಡಸರು ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಿದ್ದರು, ಮತ್ತೆ ನಡೆಯುತ್ತಿದ್ದರು. ಹೆಂಗಸರು ಅವರಿಗಿಂತ ಬೇಗ ಹೋಗುತ್ತಿದ್ದರು. ಏಕೆ? ಅವರಿಗೆ ಮನೆಯಲ್ಲಿ ಒಲೆ, ಮಕ್ಕಳು, ಬಟ್ಟೆ, ನೀರು ಕಾಯುತ್ತಿದ್ದವು. ಮುಂಜಾನೆಯಿಂದ ಸಂಜೆಯವರೆಗೆ ಏನು ಮಾಡಿದಿರೆಂದು ಗಂಡಸರನ್ನು ಕೇಳಿದರೆ ಹೇಳಲಿಕ್ಕೆ ಬಾರದು.

ಆ ಊರಿನಲ್ಲಿ ಜಡತೆ ಬಂದದ್ದು ಗಿರಣಿ ಮುಚ್ಚಿದ ಮೇಲೆ. ನಮ್ಮ ಕಡೆ ನಾವು ನೋಡುತ್ತಿರುವುದೇನೆಂದರೆ, ಬಾಗಿಲು ತೆರೆದಿರುವಾಗಲೇ, ಬರಿಯ ಸುದ್ದಿಗೇ ಅದು ಮೈಯೇರುತ್ತದೆ. ಸಂಘದ ಸಭೆಗೆ ಬರುವುದು ನಿಲ್ಲುತ್ತದೆ. ಮಗನ ಶಾಲೆಯ ವಿಚಾರ ಕೇಳುವುದು ನಿಲ್ಲುತ್ತದೆ. ಚಹದಂಗಡಿಯ ಕಟ್ಟೆಯ ಮೇಲೆ ಕೂತು ಎದ್ದಾಗ ಪಾಳಿಯ ಹೊತ್ತು ಮೀರಿರುತ್ತದೆ. ಹಾಜರಿ ತಪ್ಪುತ್ತದೆ. ಮಾಲಕನಿಗೆ ಬೇಕಾದದ್ದು ಇದೇ. ಪರಿಹಾರ ಕೊಟ್ಟು ಕಳಿಸಬೇಕಾಗಿದ್ದವನನ್ನು ಗೈರುಹಾಜರಿಯ ಕಾರಣ ಹೇಳಿ ಬರಿಗೈಲಿ ಕಳಿಸಬಹುದು.

ಅದಕ್ಕೆ ನಾವು ಹೇಳುವುದು, ಕೆಲಸವನ್ನು ಅಳತೆಗೆ ಸರಿಯಾಗಿ ಮಾಡಿರಿ. ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಡಿಮೆಯಿಲ್ಲ. ಇದು ಮಾಲಕನ ಮೇಲಿನ ಪ್ರೀತಿಗಾಗಿ ಅಲ್ಲ. ಗಿರಣಿ ಅವನದಿರಬಹುದು, ಕಸಬು ನಿಮ್ಮದು. 1999ರ ಭೌಗೋಳಿಕ ಸೂಚಿ ಕಾಯಿದೆಯಡಿ ಇಳಕಲ್ಲ ಸೀರೆಯ ಹೆಸರು ನೋಂದಣಿಯಾಗಿದೆ. ಆ ಹೆಸರು ಒಬ್ಬ ಸಾವಕಾರನ ಸ್ವತ್ತಲ್ಲ. ಸಿಟ್ಟಿನಲ್ಲಿ ಒಂದು ಕೊಂಡಿ ಸಡಿಲ ಬಿಟ್ಟರೆ ಕೆಡುವುದು ಸಾವಕಾರನ ಹೆಸರಲ್ಲ, ಊರಿನ ಹೆಸರು. ನಾಳೆ ಸಹಕಾರಿ ಸಂಘ ಕಟ್ಟಿದರೂ, ಬೇರೆ ಕಡೆ ಕೆಲಸ ಕೇಳಲು ಹೋದರೂ ನಿಮ್ಮ ಜೊತೆ ಬರುವುದು ಆ ಹೆಸರೊಂದೇ.

ಬ್ರಿಟನ್ನಿನ ಒಂದು ಸಂಗತಿ ಕೇಳಿರಿ. ವಿಮಾನದ ಭಾಗಗಳನ್ನು ಮಾಡುವ ಲೂಕಸ್ ಏರೋಸ್ಪೇಸ್ ಎಂಬ ಕಂಪನಿಯಲ್ಲಿ ಜನರನ್ನು ತೆಗೆಯುವ ಸುದ್ದಿ ಹಬ್ಬಿತು. ಅಲ್ಲಿಯ ಕಾರ್ಮಿಕ ಪ್ರತಿನಿಧಿಗಳು ಮೊದಲು ದೊಡ್ಡ ದೊಡ್ಡ ಪಂಡಿತರಿಗೆ ಪತ್ರ ಬರೆದು ದಾರಿ ಕೇಳಿದರು. ಉತ್ತರ ಕೊಟ್ಟವರು ಬೆರಳೆಣಿಕೆಯಷ್ಟು. ಆಗ ತಮ್ಮ ಜನರನ್ನೇ ಕೇಳಿದರು: ನಿಮ್ಮ ಕೈಗೆ ಏನೇನು ಬರುತ್ತದೆ? ಇದೇ ಯಂತ್ರಗಳಲ್ಲಿ ಜನಕ್ಕೆ ಬೇಕಾದ ಯಾವ ವಸ್ತು ಮಾಡಬಹುದು? ಬಂದ ಉತ್ತರಗಳನ್ನು ಕೂಡಿಸಿ 1976ರ ಜನವರಿಯಲ್ಲಿ ಸುಮಾರು 150 ವಸ್ತುಗಳ ಯೋಜನೆ ಮುಂದಿಟ್ಟರು. ಮೂತ್ರಪಿಂಡ ಕೆಟ್ಟವರಿಗೆ ರಕ್ತ ಶುದ್ಧಿ ಮಾಡುವ ಯಂತ್ರ, ರಸ್ತೆಯ ಮೇಲೂ ಹಳಿಯ ಮೇಲೂ ಓಡುವ ಬಸ್ಸು ಅದರಲ್ಲಿದ್ದವು. ಆಡಳಿತದವರು ಒಪ್ಪಲಿಲ್ಲ. ಮುಂದಾಳುಗಳಲ್ಲೊಬ್ಬರಾದ ಮೈಕ್ ಕೂಲಿ ಅವರನ್ನು 1981ರಲ್ಲಿ ಕೆಲಸದಿಂದ ತೆಗೆದರು. ಗೆದ್ದ ಕಥೆ ಇದಲ್ಲ. ಆದರೆ ಕಡಿತದ ಕತ್ತಿ ತೂಗುತ್ತಿರುವಾಗ ಆ ಜನ ಕಟ್ಟೆಯ ಮೇಲೆ ಕೂತಿರಲಿಲ್ಲ. ತಮ್ಮ ಕಸಬಿನ ಲೆಕ್ಕ ತಾವೇ ಹಾಕಿದರು. ಇಲ್ಲಿಯ ನೇಕಾರರೂ ಕೂತು ಹಾಕಲಿ. ನೂಲು ಎಲ್ಲಿಂದ ಬರುತ್ತದೆ, ಬಣ್ಣಕ್ಕೆಷ್ಟು, ಕೂಲಿ ಎಷ್ಟು, ಸೀರೆ ಅಂಗಡಿಯಲ್ಲಿ ಎಷ್ಟಕ್ಕೆ ಹೋಗುತ್ತದೆ, ನಡುವೆ ಯಾರು ಎಷ್ಟು ತಿನ್ನುತ್ತಾರೆ? ಈ ಲೆಕ್ಕ ಬರೆಯಲು ಪದವಿ ಬೇಕಾಗಿಲ್ಲ. ಮನೆಯಲ್ಲಿ ಕಂಡಿಕೆ ಸುತ್ತುವ ತಾಯಿ ಅರ್ಧ ಲೆಕ್ಕ ಬಾಯಲ್ಲೇ ಹೇಳಿಯಾಳು.

ಕಾಯಿದೆಯ ಮಾತು ಚುಟುಕಾಗಿ. 1947ರ ಔದ್ಯೋಗಿಕ ವಿವಾದ ಕಾಯಿದೆಗೆ 1953ರಲ್ಲಿ ಕಡಿತದ ಪರಿಹಾರವನ್ನು ಸೇರಿಸಿದರು. ಈಗ ಅದರ ಜಾಗದಲ್ಲಿ 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಒಂದು ವರ್ಷ ಸತತ ದುಡಿದವನನ್ನು ತೆಗೆಯಬೇಕಾದರೆ ಕಾರಣ ತೋರಿಸಿ ಒಂದು ತಿಂಗಳ ಲಿಖಿತ ನೋಟೀಸು, ಇಲ್ಲವೆ ಆ ತಿಂಗಳ ಪಗಾರ. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ. ಇದಲ್ಲದೆ ಹೊಸ ಕಸಬು ಕಲಿಯಲೆಂದು ಇನ್ನೂ 15 ದಿನದ ಪಗಾರ. ಸಾಮಾನ್ಯವಾಗಿ ಕಡೆಗೆ ಸೇರಿದವನು ಮೊದಲು ಹೋಗಬೇಕು. ಒಂದು ವರ್ಷದೊಳಗೆ ಮತ್ತೆ ಜನ ಬೇಕಾದರೆ ತೆಗೆದವರಿಗೇ ಮೊದಲು ಕರೆ ಹೋಗಬೇಕು. ಆದರೆ ಸರಕಾರದ ಮುಂಚಿನ ಅಪ್ಪಣೆ ಬೇಕಾದದ್ದು 300 ಜನರಿರುವ ಕಾರಖಾನೆಗೆ ಮಾತ್ರ. 1976ರಲ್ಲಿ 300 ಇತ್ತು, 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತ್ತು, ಈಗ ಮತ್ತೆ 300. ಇದನ್ನು ಸುಧಾರಣೆ ಎನ್ನುತ್ತಾರೆ! ಇನ್ನು ಮನೆಯಲ್ಲಿ ಕೂಲಿಗೆ ನೇಯುವವನಿಗೆ ಹಾಜರಿ ಪುಸ್ತಕವೇ ಇಲ್ಲ. ಸಾವಕಾರ ಹಾಸು ಕೊಡದಿದ್ದರೆ ಅದೇ ನೋಟೀಸು. ಆದುದರಿಂದ ಕೊಟ್ಟ ನೂಲು, ಒಪ್ಪಿಸಿದ ಸೀರೆ, ಪಡೆದ ಕೂಲಿ ಎಲ್ಲವನ್ನೂ ತಾರೀಖು ಹಾಕಿ ಬರೆದಿಡಿರಿ. ಗಿರಣಿಯವರು ಪಗಾರ ಚೀಟಿ ಒಂದನ್ನೂ ಕಳೆಯಬೇಡಿರಿ. ರಾಜೀನಾಮೆಯೆಂದು ಬರೆದ ಕಾಗದಕ್ಕೆ, ಯಾರು ಎಷ್ಟು ಸಿಹಿ ಮಾತಾಡಿದರೂ, ಓದಿಸಿಕೊಳ್ಳದೆ ಸಹಿ ಮಾಡಬೇಡಿರಿ.

ವ್ಯಾಪಾರಿ ಮಿತ್ರರಿಗೆ ಎರಡು ಮಾತು. ಇದು ಕಾರ್ಮಿಕರ ತಾಪತ್ರಯ, ನಮಗೇನೆಂದು ಯಾರೂ ಎಣಿಸಬಾರದು. ಮಗ್ಗ ನಿಂತ ಓಣಿಯಲ್ಲಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ, ಗಲ್ಲೆ ಹಗುರಾಗುತ್ತದೆ. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗ ಹೋಗಿ ಜನ ನವನಗರಕ್ಕೆ ಎದ್ದಾಗ, ಅಂಗಡಿಯನ್ನು ಒಯ್ಯಬಹುದು, ಗಿರಾಕಿಯನ್ನು ಒಯ್ಯಲಾಗದು ಎಂಬುದನ್ನು ಅವರು ಕಂಡಿದ್ದಾರೆ. ಹುನಗುಂದ ಸೀಮೆಯ ಐಹೊಳೆಯ ಹೆಸರು ಹೊತ್ತ ಐನೂರ್ವರೆಂಬ ವ್ಯಾಪಾರಿ ಸಂಘ ಒಂದು ಕಾಲಕ್ಕೆ ದಕ್ಷಿಣ ದೇಶವನ್ನೆಲ್ಲ ವ್ಯಾಪಿಸಿತ್ತು. ಒಬ್ಬೊಬ್ಬನೇ ತಕ್ಕಡಿ ಹಿಡಿದು ಕೂತು ಅದು ಆದದ್ದಲ್ಲ. ಸದ್ಯಕ್ಕೆ ನಾವು ನಿಮ್ಮನ್ನು ಕೇಳುವುದು ಸಣ್ಣದು. ನೋಟೀಸು ಬಂದ ಮನೆಗೆ ಉದ್ರಿಯನ್ನು ಒಮ್ಮೆಲೇ ಮುರಿಯಬೇಡಿರಿ; ಎಷ್ಟು ದಿನ, ಎಷ್ಟು ರೂಪಾಯಿಯವರೆಗೆ ಎಂಬುದನ್ನು ಓಣಿಯ ಹಿರಿಯರೊಡನೆ ಕೂತು ಗೊತ್ತುಮಾಡಿಕೊಳ್ಳಿರಿ. ನಿಮ್ಮ ದುಡ್ಡೂ ಮುಳುಗಬಾರದು, ಅವರ ಒಲೆಯೂ ಆರಬಾರದು.

ಬರುವ ಸೋಮವಾರದಿಂದ ವಾಚನಾಲಯದಲ್ಲಿ ದಿನಾಲು ಸಂಜೆ ದೀಪ ಹಚ್ಚಿರುತ್ತದೆ. ಪಗಾರ ಚೀಟಿ, ನೋಟೀಸು, ಸಾವಕಾರನ ಲೆಕ್ಕದ ಚೀಟಿ ಯಾವುದಿದ್ದರೂ ತನ್ನಿರಿ. ಓದಿ ಹೇಳುತ್ತೇವೆ, ಬರೆದುಕೊಡುತ್ತೇವೆ. ಸೀರೆಯ ಖರ್ಚಿನ ಲೆಕ್ಕವನ್ನು ಮೊದಲ ದಿನವೇ ಹಿಡಿಯೋಣ. ಅದಕ್ಕೆ ಕಂಡಿಕೆ ಸುತ್ತುವ ತಾಯಂದಿರು ತಪ್ಪದೆ ಬರಬೇಕು, ಗಂಡಸರಷ್ಟೇ ಬಂದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.